ಹದಿನೈದು ರೂಪಾಯಿಯ ಸ್ಟಾರ್ಟರ್, ನಾಲ್ಕು ಯೂನಿಟ್‌ನ ಬಿಲ್

2023ರ ಜುಲೈ. ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿತ್ತು. ಸಂಜೆ ನಾಲ್ಕಕ್ಕೇ ಅಡುಗೆಮನೆಗೆ ದೀಪ ಬೇಕಾಗುವ ದಿನಗಳು. ಅಂಥ ಒಂದು ಸಂಜೆ ಸ್ವಿಚ್ ಹಾಕಿದರೆ ಟ್ಯೂಬ್‌ಲೈಟಿನ ಎರಡು ತುದಿ ಮಾತ್ರ ಕೆಂಪಗೆ ಕಾದು ನಿಂತವು. ನಡುವೆ ಬರೀ ಕತ್ತಲೆ. ನಮ್ಮಮ್ಮ ಪೊರಕೆಯ ಹಿಡಿಯಿಂದ ಒಮ್ಮೆ ಮೆಲ್ಲಗೆ ತಟ್ಟಿದರು. ಅವರ ಕಾಲದ ರಿಪೇರಿ ಅದು, ಎಷ್ಟೋ ಸಲ ಫಲಿಸಿದ್ದೂ ಉಂಟು. ಅವತ್ತು ಫಲಿಸಲಿಲ್ಲ.

ಅಂಗಡಿಗೆ ಹೋಗಿ 60 ರೂಪಾಯಿಗೆ ಹೊಸ ಟ್ಯೂಬ್ ತಂದು ಹಾಕಿದೆ. ತುದಿಗಳು ಇನ್ನಷ್ಟು ಚೆನ್ನಾಗಿ ಕೆಂಪಗಾದವು, ಅಷ್ಟೇ. ಮಾರನೆಯ ದಿನ ಅದೇ ಅಂಗಡಿಯವರು, "ಹಾಗಾದ್ರೆ ಚೋಕ್ ಹೋಗಿರ್ಬೇಕು" ಎಂದರು. 190 ರೂಪಾಯಿಗೆ ತಾಮ್ರದ ಚೋಕ್ ಮನೆಗೆ ಬಂತು. ಅದನ್ನು ಕೂರಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವರು ಸ್ಟೂಲ್ ಹತ್ತಿ, ತುದಿಗಳು ಕೆಂಪಗಿದ್ದ ಹಾಗೆಯೇ ಸ್ಟಾರ್ಟರ್ ತಿರುಗಿಸಿ ಹೊರಗೆ ಎಳೆದರು. ಫಳ್ಳನೆ ಬೆಳಕಾಯಿತು.

"ಚೋಕ್ ಗಟ್ಟಿಮುಟ್ಟಾಗಿದೆ ಸಾರ್. ಸ್ಟಾರ್ಟರ್ ಒಳಗೆ ಅಂಟ್ಕೊಂಡಿದೆ" ಎಂದು ತಮ್ಮ ಬ್ಯಾಗಿನಿಂದ ಹೊಸದೊಂದು ತೆಗೆದು ಹಾಕಿದರು. ಅದಕ್ಕೆ 15 ರೂಪಾಯಿ, ಬಂದದ್ದಕ್ಕೆ 200. ಎಲ್ಲ ಸೇರಿ 465. ಬೇಕಿದ್ದದ್ದು 15. "ಅಡುಗೆಮನೇದಕ್ಕಿಂತ ನೀವೇ ಲೇಟಾಗಿ ಹತ್ತೋದು ಕಣ್ರೀ" ಎಂದಳು ಹೆಂಡತಿ. ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ಮಾಡಿದ ತಪ್ಪು ಸರಳ. ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ಮೊದಲು ಬದಲಿಸಿದೆ. ಬದಲಿಸಬೇಕಾದ್ದು ಅಗ್ಗದ್ದನ್ನು, ಅದಕ್ಕೂ ಮೊದಲು, ದುಡ್ಡೇ ಬೇಡದ ಪರೀಕ್ಷೆ ಮಾಡಬೇಕಿತ್ತು. ಪಕ್ಕದ ಕೋಣೆಯಲ್ಲಿ ಸರಿಯಾಗಿ ಉರಿಯುವ ಟ್ಯೂಬ್‌ಲೈಟ್ ಇತ್ತಲ್ಲ! ಅದರ ಸ್ಟಾರ್ಟರನ್ನು ಇಲ್ಲಿ ಹಾಕಿ ನೋಡಿದ್ದರೆ ಎರಡು ನಿಮಿಷದಲ್ಲಿ ಕಳ್ಳ ಸಿಗುತ್ತಿದ್ದ. ಟ್ಯೂಬಿನ ಮೇಲೆ ಅನುಮಾನವಿದ್ದರೆ ಅದನ್ನು ಅಲ್ಲಿಗೆ ಒಯ್ದು ಹಾಕಿದರೆ ಆಯಿತು.

ಟ್ಯೂಬ್, ಚೋಕ್, ಸ್ಟಾರ್ಟರ್ ಕೂರುವ ಈ ಪಟ್ಟಿಯೊಳಗೆ ನಡೆಯುವುದನ್ನು ಒಮ್ಮೆ ತಿಳಿದುಕೊಂಡರೆ ಅಂಗಡಿಯವರ ಊಹೆಗೆ ದುಡ್ಡು ಕೊಡುವುದು ತಪ್ಪುತ್ತದೆ. ಸ್ಟಾರ್ಟರ್ ಒಳಗಿನ ಪುಟ್ಟ ಗಾಜಿನ ಬುರುಡೆಯಲ್ಲಿ ಎರಡು ಲೋಹಗಳನ್ನು ಬೆಸೆದ ತೆಳು ತಗಡು ಇರುತ್ತದೆ. ಸ್ವಿಚ್ ಹಾಕಿದಾಗ ಅದು ಬಿಸಿಯಾಗಿ, ಬಾಗಿ, ಎದುರಿನ ತಂತಿಗೆ ತಾಗುತ್ತದೆ. ಆಗ ಟ್ಯೂಬಿನ ಎರಡೂ ತುದಿಯ ಫಿಲಮೆಂಟ್‌ಗಳು ಕಾಯುತ್ತವೆ. ತಗಡು ತಣ್ಣಗಾಗಿ ಬಿಟ್ಟುಕೊಂಡ ಕ್ಷಣದಲ್ಲಿ ಚೋಕ್ ಹೆಚ್ಚು ವೋಲ್ಟೇಜಿನ ಒಂದು ಒದೆ ಕೊಡುತ್ತದೆ, ಟ್ಯೂಬ್ ಹತ್ತಿಕೊಳ್ಳುತ್ತದೆ. ಆಮೇಲೆ ಸ್ಟಾರ್ಟರ್‌ಗೆ ಕೆಲಸವಿಲ್ಲ. ಕರೆಂಟ್ ಮಿತಿ ಮೀರದಂತೆ ಹಿಡಿದಿಡುವುದು ಚೋಕ್‌ನ ಪಾಲು.

ಇಷ್ಟು ಗೊತ್ತಿದ್ದರೆ ಲಕ್ಷಣವೇ ಕಾಯಿಲೆ ಹೇಳುತ್ತದೆ. ತುದಿ ಮಾತ್ರ ಕೆಂಪಗಿದ್ದು ನಡುವೆ ಕತ್ತಲೆಯಾದರೆ ತಗಡು ಅಂಟಿಕೊಂಡಿದೆ, ಸ್ಟಾರ್ಟರ್ ಬದಲಿಸಿ. ತಡಮಾಡಿದರೆ ಫಿಲಮೆಂಟ್ ಸುಮ್ಮನೆ ಕಾದು ಕಾದು ಟ್ಯೂಬೂ ಹಾಳಾಗುತ್ತದೆ. ತುದಿಗಳು ಕಪ್ಪಗಾಗಿ ಬೆಳಕು ಪಿಳಿಪಿಳಿ ಎನ್ನುತ್ತಿದ್ದರೆ ಟ್ಯೂಬಿನ ಆಯಸ್ಸು ಮುಗಿಯುತ್ತ ಬಂದಿದೆ. ಏನೂ ಆಗದಿದ್ದರೆ ಮೊದಲು ಟ್ಯೂಬನ್ನು ಹೋಲ್ಡರ್‌ನಲ್ಲಿ ಸ್ವಲ್ಪ ತಿರುಗಿಸಿ ನೋಡಿ. ಪಿನ್ ಸರಿಯಾಗಿ ಕೂರದಿರುವುದು ಬಹಳ ಸಾಮಾನ್ಯ. ಅಮ್ಮನ ಪೊರಕೆ ಕೆಲಸ ಮಾಡುತ್ತಿದ್ದ ಗುಟ್ಟೂ ಅದೇ ಇರಬೇಕು. ಸಂಜೆ ವೋಲ್ಟೇಜ್ ಬಿದ್ದಾಗ ಮಾತ್ರ ಹತ್ತಲು ಒದ್ದಾಡಿದರೆ ತಪ್ಪು ಪಟ್ಟಿಯದಲ್ಲ. ಗುಂಯ್‌ಗುಡುವ ಸದ್ದು ಜೋರಾಗಿ ಸುಟ್ಟ ವಾಸನೆ ಬಂದರೆ ಚೋಕ್. ಅಲ್ಲಿಗೆ ನಿಮ್ಮ ಕೈಕೆಲಸ ಮುಗಿಯಿತು, ಎಲೆಕ್ಟ್ರಿಷಿಯನ್ ಕರೆಯಿರಿ. ಎಲೆಕ್ಟ್ರಾನಿಕ್ ಚೋಕ್ ಇರುವ ಪಟ್ಟಿಗಳಲ್ಲಿ ಸ್ಟಾರ್ಟರ್ ಇರುವುದೇ ಇಲ್ಲ, ಹುಡುಕಬೇಡಿ.

ಒಂದು ಎಚ್ಚರಿಕೆ. ಗೋಡೆಯ ಸ್ವಿಚ್ ಆರಿಸಿದ ಮಾತ್ರಕ್ಕೆ ಪಟ್ಟಿಯಲ್ಲಿ ಕರೆಂಟ್ ಇಲ್ಲ ಎಂದುಕೊಳ್ಳಬೇಡಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿರುವುದುಂಟು. ಎಂಸಿಬಿ ಇಳಿಸಿ, ಕೈ ಒರೆಸಿಕೊಂಡು, ಒಣಗಿದ ಸ್ಟೂಲ್ ಮೇಲೆ ನಿಲ್ಲಿ. ಎಲೆಕ್ಟ್ರಿಷಿಯನ್ ಮಾಡಿದಂತೆ ಕರೆಂಟ್ ಇರುವಾಗಲೇ ಕೈ ಹಾಕುವುದು ಅವರಿಗೇ ಇರಲಿ.

ಆ ಸಂಜೆಯ ಪಾಠ ಇಷ್ಟೇ ಆಗಿದ್ದರೆ ಈ ಅಂಕಣ ಬರೆಯುತ್ತಿರಲಿಲ್ಲ. ರಿಪೇರಿ ಕಲಿತ ಜಂಬದಲ್ಲಿ ನಾನು ಅದೇ ಹಳೆಯ ಪಟ್ಟಿಯನ್ನು ಹತ್ತಿರಹತ್ತಿರ ಎರಡು ವರ್ಷ ಉರಿಸಿದೆ. ಎಲ್‌ಇಡಿ ಹಾಕೋಣ ಎಂದು ಮಗಳು ಹೇಳಿದಾಗೆಲ್ಲ ನನ್ನ ಬಳಿ ಸಿದ್ಧ ಉತ್ತರವಿತ್ತು: "ಬಿಲ್ಲೇ ಸೊನ್ನೆ ಬರ್ತಿರೋವಾಗ ಟ್ಯೂಬ್‌ಲೈಟ್ ಎಷ್ಟು ತಿಂದ್ರೇನು?"

ಬಿಲ್ ಸೊನ್ನೆ ಬರುತ್ತಿದ್ದುದು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಿಂದ. ಅದು ಬಂದದ್ದೂ 2023ರ ಅದೇ ಜುಲೈನಲ್ಲಿ. ಉಚಿತ ಎಂದರೆ ಎಲ್ಲರಿಗೂ 200 ಯೂನಿಟ್ ಎಂದಲ್ಲ. 2022–23ರಲ್ಲಿ ತಿಂಗಳಿಗೆ ನೀವು ಬಳಸಿದ ಸರಾಸರಿಗೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಪಾಲು. ಆ ಪಾಲು ಮೀರಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ದುಡ್ಡು. 200 ದಾಟಿದಿರೋ, ಪೂರ್ತಿ ಬಿಲ್ ನಿಮ್ಮದೇ. (ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ ಆಮೇಲೆ ಬಂತು.) ನಮ್ಮ ಮನೆಯ ಸರಾಸರಿ 172, ಪಾಲು 189.

2025ರ ಬೇಸಿಗೆಯಲ್ಲಿ ಫ್ಯಾನ್‌ಗಳು ಹಗಲೂ ರಾತ್ರಿ ತಿರುಗಿದವು. ಮೇ ತಿಂಗಳ ಬಿಲ್ಲಿನಲ್ಲಿ ಯೂನಿಟ್ 204. ಕಟ್ಟಬೇಕಾದ ಮೊತ್ತ 1,600 ರೂಪಾಯಿಯ ಮೇಲೆ. ಬರೀ ನಾಲ್ಕು ಯೂನಿಟ್!

ಆಗ ಕಾಗದ, ಪೆನ್ನು ಹಿಡಿದು ಕೂತೆ. ಅಡುಗೆಮನೆಯ ಟ್ಯೂಬಿನ ಮೇಲೆ 40 ವ್ಯಾಟ್ ಎಂದು ಬರೆದಿದೆ. ತಾಮ್ರದ ಚೋಕ್ ತಿನ್ನುವುದು ಅದರಲ್ಲಿ ಸೇರಿಲ್ಲ. ಅದು ಸುಮಾರು 12 ವ್ಯಾಟ್, ಬಿಸಿಯಾಗಿಯೇ ಹೋಗುತ್ತದೆ. ಒಟ್ಟು 52. ಬೆಳಿಗ್ಗೆ, ಸಂಜೆ ಸೇರಿ ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ 9.4 ಯೂನಿಟ್. 20 ವ್ಯಾಟಿನ ಎಲ್‌ಇಡಿ ಪಟ್ಟಿಯಾದರೆ 3.6. ವ್ಯತ್ಯಾಸ 5.8 ಯೂನಿಟ್. ಅಂದರೆ 204 ಇದ್ದದ್ದು 198ಕ್ಕೆ ಇಳಿಯುತ್ತಿತ್ತು, 189 ಮೀರಿದ ಒಂಬತ್ತು ಯೂನಿಟ್‌ನ ದುಡ್ಡು ಕೊಟ್ಟು ಎದ್ದು ಬರಬಹುದಿತ್ತು. 15 ರೂಪಾಯಿಯ ರಿಪೇರಿಯನ್ನು ಗೆಲುವು ಎಂದುಕೊಂಡಿದ್ದೆ. ಒಂದೇ ತಿಂಗಳಲ್ಲಿ ಅದು ಒಂದೂವರೆ ಸಾವಿರ ನುಂಗಿತು.

ಗೃಹಜ್ಯೋತಿ ಇಲ್ಲದ ಮನೆಯ ಲೆಕ್ಕ ಇನ್ನೂ ನೇರ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಗಂಟೆ ಉರಿಯುವ ದೀಪ ಬದಲಿಸಿದರೆ ವರ್ಷಕ್ಕೆ 70 ಯೂನಿಟ್, ಸುಮಾರು 420 ರೂಪಾಯಿ ಉಳಿತಾಯ. ಆಮೇಲೆ ತಂದ ಎಲ್‌ಇಡಿ ಪಟ್ಟಿಗೆ ನಾನು ಕೊಟ್ಟದ್ದು 260. ಎಂಟು ತಿಂಗಳೊಳಗೆ ಅಸಲು ಕೈಸೇರುತ್ತದೆ.

ಹಾಗಂತ ಮನೆಯ ಹಳೆಯ ಟ್ಯೂಬ್‌ಲೈಟ್‌ಗಳನ್ನೆಲ್ಲ ಕಿತ್ತು ಹಾಕಲು ಹೋಗಬೇಡಿ. ನಮ್ಮ ಉಗ್ರಾಣದ ದೀಪ ಉರಿಯುವುದು ದಿನಕ್ಕೆ ಹತ್ತು ನಿಮಿಷ, ಅಕ್ಕಿ ತೆಗೆಯುವಷ್ಟು ಹೊತ್ತು. ಅಲ್ಲಿ ಎಲ್‌ಇಡಿ ಹಾಕಿದರೆ ವರ್ಷವಿಡೀ ಉಳಿಯುವುದು ಎರಡು ಯೂನಿಟ್, 12 ರೂಪಾಯಿ. 260 ರೂಪಾಯಿ ವಾಪಸ್ ಬರಲು ಇಪ್ಪತ್ತು ವರ್ಷ ದಾಟುತ್ತದೆ. ಅಷ್ಟು ವರ್ಷ ಆ ಎಲ್‌ಇಡಿ ಬಾಳುತ್ತದೆಂಬ ಖಾತರಿಯೂ ಇಲ್ಲ. ಅಲ್ಲಿ ಸ್ಟಾರ್ಟರ್ ಬದಲಿಸುವುದೇ ಜಾಣತನ. ಹಾಗೆಯೇ, ನಿಮ್ಮ ಬಳಕೆ ಉಚಿತ ಪಾಲಿಗಿಂತ ಸದಾ ಬಹಳ ಕೆಳಗಿದ್ದರೆ ದೀಪ ಬದಲಿಸಿ ನಿಮ್ಮ ಜೇಬಿಗೆ ಬರುವ ಲಾಭ ಸೊನ್ನೆ. ನಾಡಿಗೆ ಒಂದಿಷ್ಟು ವಿದ್ಯುತ್ ಉಳಿಯುತ್ತದೆ, ಅದು ಬೇರೆ ಪುಣ್ಯ.

ಬದಲಿಸುವವರಿಗೆ ಮೂರು ಮಾತು. ಹಳೆಯ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸುವ ಆಸೆ ಇದ್ದರೆ ಪೆಟ್ಟಿಗೆಯ ಮೇಲಿನ ವೈರಿಂಗ್ ಚಿತ್ರ ನೋಡದೆ ಹಾಕಬೇಡಿ. ಚೋಕ್ ತೆಗೆಯಬೇಕಾದ್ದೂ ಇದೆ, ತೆಗೆಯಬೇಕಿಲ್ಲದ್ದೂ ಇದೆ. ಕೂಲಿ ಸೇರಿಸಿದರೆ ಪೂರ್ತಿ ಹೊಸ ಪಟ್ಟಿಯೇ ಸಲೀಸು. ಎರಡನೆಯದು, ಎಲ್‌ಇಡಿ ಪಟ್ಟಿ ಕೆಟ್ಟರೆ 15 ರೂಪಾಯಿಯ ಬಿಡಿಭಾಗ ಸಿಗುವುದಿಲ್ಲ, ಸಾಮಾನ್ಯವಾಗಿ ಇಡೀ ಪಟ್ಟಿಯೇ ಹೋಗುತ್ತದೆ. ಆದ್ದರಿಂದ ವಾರಂಟಿಯ ಬಿಲ್ ಜೋಪಾನ ಮಾಡಿ, ತಂದ ದಿನಾಂಕವನ್ನು ಮಾರ್ಕರ್‌ನಲ್ಲಿ ಪಟ್ಟಿಯ ಬೆನ್ನ ಮೇಲೇ ಬರೆದಿಡಿ. ಮೂರನೆಯದು, ತೆಗೆದ ಟ್ಯೂಬಿನಲ್ಲಿ ಪಾದರಸವಿದೆ. ಕಸದ ಗಾಡಿಗೆ ಒಡೆದು ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಚೂರುಗಳನ್ನು ದಪ್ಪ ಕಾಗದದಲ್ಲಿ ಎತ್ತಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಹಚ್ಚಿದರೆ ಅದು ಮನೆಯೆಲ್ಲ ಹರಡುತ್ತದೆ.

ಅಡುಗೆಮನೆ ಮತ್ತು ನಡುಮನೆಯಲ್ಲಿ ಈಗ ಎಲ್‌ಇಡಿ ಇದೆ. ಉಗ್ರಾಣದಲ್ಲಿ ಹಳೆಯ ಟ್ಯೂಬ್ ಉರಿಯುತ್ತಿದೆ. 190 ರೂಪಾಯಿಯ ಆ ಚೋಕ್ ಪೆಟ್ಟಿಗೆ ಸಮೇತ ಅಟ್ಟದ ಮೇಲಿದೆ. ನಿಮ್ಮ ಮನೆಯ ಟ್ಯೂಬ್‌ಲೈಟ್ ಕೈಕೊಟ್ಟ ದಿನ ಸ್ಟೂಲ್ ಎಳೆಯುವ ಮೊದಲು ಎರಡು ಅಂಕಿ ಬರೆದುಕೊಳ್ಳಿ: ಆ ದೀಪ ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಹೋದ ತಿಂಗಳ ಬಿಲ್ಲಿನಲ್ಲಿ ಯೂನಿಟ್ ಎಷ್ಟಿತ್ತು. ಸ್ಟಾರ್ಟರ್ ತರಬೇಕೋ ಹೊಸ ಪಟ್ಟಿ ತರಬೇಕೋ ಎಂಬುದು ಆಮೇಲಿನ ಮಾತು.