ನವೆಂಬರ್ ಒಂದನ್ನು ಓದುವುದು ಹೇಗೆ?

ಶಾಲೆಯ ಕರಿಹಲಗೆಯ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂದು ನಾಲ್ಕು ಸಾಲು ಬರೆಯುವ ರೂಢಿ ನಮ್ಮಲ್ಲಿದೆ. ಪತ್ರಿಕೆಗಳಲ್ಲೂ ಅದಕ್ಕೊಂದು ಪುಟ್ಟ ಅಂಕಣ ಇರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು ಅದನ್ನು ಉರು ಹೊಡೆಯುತ್ತಾರೆ. ಉರು ಹೊಡೆಯಬೇಡಿ ಎಂದು ನಾನು ಹೇಳುವುದಿಲ್ಲ, ಅಂಕ ಬೇಕಲ್ಲ. ಆದರೆ ಒಂದರ ಕೆಳಗೊಂದು ಪೇರಿಸಿದ ಇಸವಿಗಳು ಒಂದಕ್ಕೊಂದು ಮಾತಾಡುವುದಿಲ್ಲ. ಮಾತಾಡಿಸಬೇಕೆಂದರೆ ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಹಾಕಬೇಕು: ಈ ಘಟನೆ ಆ ದಿನ ತಾನಾಗಿ ಬಂದೊದಗಿತೇ, ಅಥವಾ ಮದುವೆಗೆ ಮುಹೂರ್ತ ಇಟ್ಟ ಹಾಗೆ ಯಾರೋ ಕೂತು ಆ ದಿನ ಇಟ್ಟರೇ?

ನಮಗೆಲ್ಲ ಗೊತ್ತಿರುವ ತಾರೀಖನ್ನೇ ತೆಗೆದುಕೊಳ್ಳೋಣ, ನವೆಂಬರ್ 1.

1956ರ ಈ ದಿನ ಕನ್ನಡ ಮಾತಾಡುವ ಪ್ರದೇಶಗಳು ಬಹುಮಟ್ಟಿಗೆ ಒಂದು ರಾಜ್ಯವಾದವು ಎಂದು ಮಕ್ಕಳೂ ಹೇಳುತ್ತಾರೆ. ಆದರೆ ಕಾನೂನಿನ ದಾರಿ ನೋಡಿ. 1952ರ ಡಿಸೆಂಬರ್ 15ರಂದು ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ತೀರಿಕೊಂಡರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಜಿಲ್ಲೆಯ ಬಹುಭಾಗ ಆಗಲೇ ಮೈಸೂರಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇದ್ದ ಆಯೋಗ ನೇಮಕವಾಯಿತು. ಅದರ ವರದಿ ಬಂದದ್ದು 1955ರ ಸೆಪ್ಟೆಂಬರ್ ಕೊನೆಗೆ. ರಾಜ್ಯ ಪುನರ್ವಿಂಗಡಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಜಾರಿಗೆ ಬಂದದ್ದು ನವೆಂಬರ್ 1.

ನಡುವಿನ ಎರಡು ತಿಂಗಳು ಸುಮ್ಮನೆ ಬಿಟ್ಟದ್ದಲ್ಲ. ಒಂದು ರಾಜ್ಯದ ನೌಕರ ಇನ್ನೊಂದಕ್ಕೆ ಸೇರಬೇಕು, ಸಾಲ ಹಂಚಬೇಕು, ಕಡತ ಹೊರಿಸಬೇಕು, ಹೈಕೋರ್ಟಿನಲ್ಲಿ ನಡೆಯುತ್ತಿದ್ದ ಕೇಸುಗಳು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಬೇಕು. ತಿಂಗಳ ಮೊದಲ ದಿನವಾದರೆ ಸಂಬಳವನ್ನೂ ಲೆಕ್ಕವನ್ನೂ ನಡುವಿನಲ್ಲಿ ಕತ್ತರಿಸುವ ತಾಪತ್ರಯವಿಲ್ಲ. ನಮ್ಮ ರಾಜ್ಯಗಳ ಹುಟ್ಟುದಿನಗಳನ್ನು ಒಮ್ಮೆ ಪಟ್ಟಿ ಮಾಡಿ ನೋಡಿ, ಒಂದನೇ ತಾರೀಖು ಎಷ್ಟು ಸಲ ಬರುತ್ತದೆಂದು: ಆಂಧ್ರಕ್ಕೆ ಅಕ್ಟೋಬರ್ 1, ಮಹಾರಾಷ್ಟ್ರ ಗುಜರಾತಿಗೆ 1960ರ ಮೇ 1, ನಾಗಾಲ್ಯಾಂಡಿಗೆ 1963ರ ಡಿಸೆಂಬರ್ 1. ಇದು ಕಚೇರಿಯವರ ಮುಹೂರ್ತ.

ಆ ಮುಹೂರ್ತ ಜನರ ಮನೆಬಾಗಿಲಿಗೆ ಹೇಗೆ ಬಂತು ಎನ್ನುವುದು ಇನ್ನೂ ಸ್ವಾರಸ್ಯ. ಕೊಳ್ಳೇಗಾಲದವನು ಅಕ್ಟೋಬರ್ 31ರ ರಾತ್ರಿ ಮಲಗುವಾಗ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯವನು, ಬೆಳಿಗ್ಗೆ ಎದ್ದಾಗ ಮೈಸೂರು ರಾಜ್ಯದವನು. ಧಾರವಾಡದವನು ಮುಂಬಯಿ ಬಿಟ್ಟ, ಕಲಬುರಗಿಯವನು ಹೈದರಾಬಾದ್ ಬಿಟ್ಟ. ಕೊಡಗಿನವರು ಬಿಟ್ಟದ್ದು ತಮ್ಮದೇ ರಾಜ್ಯವನ್ನು. ಅಲ್ಲಿ 24 ಜನರ ವಿಧಾನಸಭೆ ಇತ್ತು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ಒಂದೇ ರಾತ್ರಿಯಲ್ಲಿ ಕೊಡಗು ಒಂದು ಜಿಲ್ಲೆಯಾಯಿತು. ಬೆಂಗಳೂರಿನಲ್ಲಿ ಕಡಿದಾಳ್ ಮಂಜಪ್ಪನವರು ಹಳೆಯ ಮೈಸೂರಿನ ಕೊನೆಯ ಮುಖ್ಯಮಂತ್ರಿಯಾಗಿ ಇಳಿದರು, ಎಸ್. ನಿಜಲಿಂಗಪ್ಪನವರು ಹೊಸ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ರಾಜಪ್ರಮುಖರ ಹುದ್ದೆಯೇ ಅಂದು ದೇಶದಿಂದ ಎದ್ದುಹೋಯಿತು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು.

ಎಲ್ಲರಿಗೂ ಹಬ್ಬವಾಗಲಿಲ್ಲ, ಇದನ್ನೂ ಬರೆದಿಟ್ಟುಕೊಳ್ಳಿ. ಅದುವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಲಿ ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಅದು ಇಂದಿಗೂ ಜಾರಿಯಾಗಿಲ್ಲ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಇದೇ ದಿನವನ್ನು ಕರಾಳ ದಿನ ಎನ್ನುತ್ತದೆ. ಒಂದೇ ಬೀದಿಯಲ್ಲಿ ಹಳದಿ ಕೆಂಪು ಬಾವುಟವೂ ಕಪ್ಪು ಬಾವುಟವೂ ಕಾಣಿಸುವ ಊರು ಅದು.

ಈ ಕಾಯಿದೆ ಕನ್ನಡಿಗರಿಗಾಗಿಯೇ ಬಂದದ್ದಲ್ಲ. ಇಡೀ ದೇಶ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶವಾಗಿ ಮರುಜೋಡಣೆಯಾಯಿತು. ಕೇರಳ, ಆಂಧ್ರಪ್ರದೇಶ, ಇಂದಿನ ಮಧ್ಯಪ್ರದೇಶದ ಮೂಲರೂಪ, ಎಲ್ಲವೂ ಅದೇ ಬೆಳಗಿನವು. ಪಕ್ಕದ ಕೇರಳದವರು ‘ಕೇರಳಪ್ಪಿರವಿ’ ಎಂದು ಸೆಟ್ಟುಮುಂಡು ಉಟ್ಟು ಸಂಭ್ರಮಿಸುವುದು ನಮ್ಮ ರಾಜ್ಯೋತ್ಸವದ ದಿನವೇ.

ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂದರ ಹತ್ತಿರ ಸ್ವಲ್ಪ ನಿಲ್ಲೋಣ. ಅರಬ್ಬಿ ಸಮುದ್ರದಲ್ಲಿ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ದ್ವೀಪಗಳಿವೆ. ಇವಕ್ಕೆ ಅಮೀನದಿವಿ ಗುಂಪು ಎನ್ನುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ ಅಲ್ಲಿನವರು ಟಿಪ್ಪು ಸುಲ್ತಾನನ ಮೊರೆ ಹೋದರು. ಟಿಪ್ಪು ಮಡಿದ ಮೇಲೆ ದ್ವೀಪಗಳು ಕಂಪನಿಯ ಕೈಗೆ ಬಂದು ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿನವರು ತೆಂಗಿನ ನಾರಿನ ಹುರಿ ಹೊಸೆದು, ದೋಣಿಗೆ ಹೇರಿ ಮಂಗಳೂರಿಗೆ ತರುತ್ತಿದ್ದರು, ಸರ್ಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಅವರ ಕಲೆಕ್ಟರು ಮಂಗಳೂರಿನಲ್ಲಿ. 1956ರ ನವೆಂಬರ್ 1ಕ್ಕೆ ಆ ಸಂಬಂಧ ಕಾಗದದ ಮೇಲೆ ಮುಗಿಯಿತು, ದ್ವೀಪಗಳು ಕೇಂದ್ರದ ವಶವಾದವು. ಕಾಗದದ ಮೇಲೆ ಮಾತ್ರ ಎನ್ನಬೇಕು, ಏಕೆಂದರೆ ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿದ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುವುದು ನಿಂತಿಲ್ಲ.

ಇನ್ನೊಂದು ಗಂಟು ಇಲ್ಲಿದೆ. ಮೈಸೂರು ರಾಜ್ಯ ಕರ್ನಾಟಕವಾದದ್ದು ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು. ‘ಲಕ್ಕದೀವ್, ಮಿನಿಕಾಯ್ ಮತ್ತು ಅಮೀನದಿವಿ’ ಎಂಬ ಮಾರುದ್ದದ ಹೆಸರು ಹೋಗಿ ಲಕ್ಷದ್ವೀಪ ಬಂದದ್ದೂ ಅದೇ ದಿನ! ಹಳೆಯ ನೆರೆಯವರು 17 ವರ್ಷದ ಬಳಿಕ ಒಟ್ಟಿಗೆ ಹೆಸರು ಬದಲಿಸಿಕೊಂಡರು. ಇದನ್ನು ನಮ್ಮ ಪಠ್ಯಗಳಲ್ಲಿ ಯಾರೂ ಹೇಳುವುದಿಲ್ಲವೆಂಬುದು ನನ್ನ ಸಣ್ಣ ತಕರಾರು. ಅಂದೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಅದು ಮಾತ್ರ ಶುದ್ಧ ಕಾಕತಾಳೀಯ. ಕರಿಹಲಗೆಯ ಮೇಲೆ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದರೆ ಮಕ್ಕಳಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ?

ಈಗ ಹಿಂದಕ್ಕೆ ಹೋಗೋಣ. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದ. ಕಂಪನಿಯ ಆಳ್ವಿಕೆ ಹೋಯಿತು, ರಾಣಿಯದು ಬಂತು. ಧರ್ಮದಲ್ಲಿ ಕೈಹಾಕುವುದಿಲ್ಲ, ಸಂಸ್ಥಾನಿಕರ ಒಪ್ಪಂದ ಮುರಿಯುವುದಿಲ್ಲ ಎಂಬ ಭರವಸೆ ಸಿಕ್ಕಿತು. ಆದರೆ ಅಧಿಕಾರ ಕೈಬದಲಿಸುವ ಕಾಯಿದೆ ಲಂಡನ್ನಿನಲ್ಲಿ ಆಗಸ್ಟ್ 2ಕ್ಕೇ ಆಗಿತ್ತು. ಇಲ್ಲಿಯೂ ನವೆಂಬರ್ ಒಂದು ಸಾರಿ ಹೇಳಿದ ದಿನ, ಇಟ್ಟ ದಿನ.

ಪಾಂಡಿಚೇರಿಯದು ಇನ್ನೂ ಚೆನ್ನಾದ ಉದಾಹರಣೆ. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು. 170 ಮಂದಿ ಭಾರತದ ಕಡೆ, 8 ಮಂದಿ ವಿರುದ್ಧ. ನವೆಂಬರ್ 1ಕ್ಕೆ ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂ ಭಾರತದ ಆಡಳಿತಕ್ಕೆ ಬಂದವು. ಆದರೆ ಕಾನೂನಿನ ಲೆಕ್ಕದಲ್ಲಿ ಅವು ಫ್ರಾನ್ಸಿನವೇ ಆಗಿದ್ದವು. ಒಪ್ಪಂದಕ್ಕೆ ಸಹಿ 1956ರ ಮೇ 28ರಂದು, ಅದು ಊರ್ಜಿತವಾದದ್ದು 1962ರ ಆಗಸ್ಟ್ 16ರಂದು. ಹಾಗಾದರೆ ಪಾಂಡಿಚೇರಿ ಭಾರತಕ್ಕೆ ಸೇರಿದ್ದು ಯಾವಾಗ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ, ‘ಆಡಳಿತವೋ, ಕಾನೂನೋ?’ ಎಂದು ತಿರುಗಿ ಕೇಳುವ ಹಕ್ಕು ನಿಮಗಿದೆ. ಪರೀಕ್ಷಕರು ಒಪ್ಪುತ್ತಾರೆಂಬ ಖಾತ್ರಿ ಕೊಡಲಾರೆ.

1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸಗಢ, ಇವೂ ನವೆಂಬರ್ ಒಂದರವು. ಛತ್ತೀಸಗಢದ ಜೊತೆಗೇ ಕಾಯಿದೆಯಾದ ಜಾರ್ಖಂಡ್ ಎರಡು ವಾರ ತಡವಾಗಿ ನವೆಂಬರ್ 15ಕ್ಕೆ ಹುಟ್ಟಿತು. ಅದು ಬಿರ್ಸಾ ಮುಂಡಾ ಹುಟ್ಟಿದ ದಿನ. ಅಲ್ಲಿ ಮುಹೂರ್ತ ಇಟ್ಟದ್ದು ಕಚೇರಿಯಲ್ಲ, ಜನರ ಭಾವನೆ.

ಪಟ್ಟಿಯಲ್ಲಿ ಒಂದು ಸಾಲು ಬೇರೆ ರೀತಿಯದು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಮರುದಿನ, ನವೆಂಬರ್ 1ರಿಂದ ದೆಹಲಿಯ ತ್ರಿಲೋಕಪುರಿಯಂಥ ಬಡಾವಣೆಗಳಲ್ಲಿ ಸಿಖ್ಖರನ್ನು ಹುಡುಕಿ ಕೊಂದರು. ದೆಹಲಿಯೊಂದರಲ್ಲೇ 2,733 ಜನ ಸತ್ತರೆಂದು ಸರ್ಕಾರಿ ಲೆಕ್ಕ. ಇದು ಬಂದೊದಗಿದ ದಿನ ಎಂದು ಮೊದಲು ತೋರುತ್ತದೆ. ಆದರೆ 2005ರಲ್ಲಿ ವರದಿ ಕೊಟ್ಟ ನಾನಾವತಿ ಆಯೋಗ, ಹಿಂದಿನ ಸಂಜೆ ಆವೇಶದಲ್ಲಿ ಶುರುವಾದ ದಾಳಿಗಳ ಸ್ವರೂಪ ನವೆಂಬರ್ ಒಂದರ ಬೆಳಿಗ್ಗೆಯಿಂದ ಬದಲಾಯಿತು, ಅವು ವ್ಯವಸ್ಥಿತವಾದವು ಎಂದು ಗುರುತಿಸಿತು. ನಮ್ಮ ಪ್ರಶ್ನೆ ಬರೀ ಪರೀಕ್ಷೆಯ ಪ್ರಶ್ನೆಯಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಇಟ್ಟ ದಿನವನ್ನು ಮತ್ತೆ ತೆಗೆದು ಇನ್ನೊಂದೆಡೆ ಇಡಬಹುದು ಕೂಡ. ತಮಿಳುನಾಡು 2019ರಲ್ಲಿ ನವೆಂಬರ್ ಒಂದನ್ನು ತನ್ನ ನಾಡಹಬ್ಬವಾಗಿ ಆಚರಿಸಿತು. 2021ರಲ್ಲಿ ಬಂದ ಸರ್ಕಾರ ಅದನ್ನು ಜುಲೈ 18ಕ್ಕೆ ಬದಲಿಸಿತು. ಮದ್ರಾಸಿಗೆ ತಮಿಳುನಾಡು ಎಂದು ಹೆಸರಿಡಬೇಕೆಂದು ಅಣ್ಣಾದುರೈ ಸರ್ಕಾರ 1967ರಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಮಾಡಿಸಿದ ದಿನವದು. ಹೆಸರು ಜಾರಿಗೆ ಬಂದದ್ದು 1969ರ ಜನವರಿ 14ಕ್ಕೆ.

ನಿಮಗೆ ಮನೆಗೆಲಸ ಜನವರಿ 26. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಎರಡು ತಿಂಗಳು ಕಾದು ಜನವರಿ 26ಕ್ಕೆ ಜಾರಿ ಮಾಡಿದ್ದೇಕೆ ಎಂದು 1930ರ ಇಸವಿಯಲ್ಲಿ ಹುಡುಕಿ. ಹಾಗೆಯೇ 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಕಛ್‌ನಲ್ಲಿ ನಡೆದದ್ದನ್ನೂ ಓದಿ, ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ.