ಎದುರಾಳಿ ಜೋಡಿ ಅಳೆಯುವ ಆರು ಸೂತ್ರಗಳು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್ ಮತ್ತು ಚಾಪೆಲ್ ಹಿಲ್ ನಡುವೆ ಸುಮಾರು 16 ಕಿಲೊಮೀಟರ್ ದಾರಿ. ಡರ್ಹಮ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯ, ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. 1920ರಿಂದ ಇವರಿಬ್ಬರ ಬ್ಯಾಸ್ಕೆಟ್‌ಬಾಲ್ ಜಿದ್ದು ನಡೆದೇ ಇದೆ. ಈ ಪಂದ್ಯಕ್ಕೆ ಮುನ್ನ ‘ಯಾರ ಎದುರು ಯಾರು’ ಎಂದು ಬರೆಯುವುದು ಕ್ರೀಡಾ ಬರಹಗಾರನಿಗೆ ನಿಜವಾದ ಪರೀಕ್ಷೆ. ಎಡಕ್ಕೆ ಐವರು, ಬಲಕ್ಕೆ ಐವರು, ನಡುವೆ ಗೆರೆ ಎಳೆದು ಕೈತೊಳೆದುಕೊಂಡರೆ ಓದುಗನಿಗೆ ಏನೂ ಸಿಗದು.

1. ಸ್ಕ್ರೀನ್ ಬಿದ್ದಮೇಲಿನ ಜೋಡಿಯನ್ನು ಬರೆಯಿರಿ.

ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಚೆಂಡು ಹಿಡಿದವನ ಕಾವಲುಗಾರನಿಗೆ ಜೊತೆಯಾಟಗಾರ ಗೋಡೆಯಂತೆ ಅಡ್ಡ ನಿಲ್ಲುವುದೇ ಸ್ಕ್ರೀನ್. ಆಗ ಕಾಯುವವರು ಹಲವು ಸಲ ಅದಲುಬದಲಾಗುತ್ತಾರೆ. ಬುಟ್ಟಿಯ ಕೆಳಗೆ ಇರಬೇಕಾದ ಎತ್ತರದ ಆಟಗಾರ ಹೊರಗೆ ಬಂದು ಚೆಂಡು ಹಿಡಿದ ಚುರುಕು ಕಾಲಿನ ಗಾರ್ಡ್ ಎದುರು ಒಂಟಿಯಾಗುತ್ತಾನೆ.

2012ರ ಫೆಬ್ರುವರಿ 8, ಚಾಪೆಲ್ ಹಿಲ್. ಡ್ಯೂಕ್ ಎರಡು ಅಂಕ ಹಿಂದಿತ್ತು. ಅದರ ಆಸ್ಟಿನ್ ರಿವರ್ಸ್ ಎದುರು ಕೊನೆಗೆ ನಿಂತವನು ಕೆರೊಲಿನಾದ ಏಳು ಅಡಿ ಎತ್ತರದ ಟೈಲರ್ ಝೆಲ್ಲರ್. ತನ್ನನ್ನು ದಾಟಿ ಒಳನುಗ್ಗುತ್ತಾನೆಂಬ ಅಳುಕಿನಲ್ಲಿ ಝೆಲ್ಲರ್ ಒಂದು ಹೆಜ್ಜೆ ಜಾಗ ಬಿಟ್ಟ. ರಿವರ್ಸ್‌ಗೆ ಅಷ್ಟೇ ಸಾಕಿತ್ತು. ಗಡಿಯಾರ ಸೊನ್ನೆಗಿಳಿಯುತ್ತಿದ್ದಂತೆ ಮೂರಂಕದ ಎಸೆತ ಬುಟ್ಟಿ ಸೇರಿತು: 85–84. ರಿವರ್ಸ್ ಮತ್ತು ಝೆಲ್ಲರ್ ಹೆಸರನ್ನು ಯಾವ ಮುನ್ನೋಟವೂ ಒಂದೇ ಸಾಲಿನಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು ಅದನ್ನೇ.

2. ಫೌಲ್ ಲೆಕ್ಕ ಮೊದಲೇ ಹಾಕಿ.

ಕಾಲೇಜು ಆಟ 40 ನಿಮಿಷ, ಐದನೇ ಫೌಲ್‌ಗೆ ಆಟಗಾರ ಹೊರಗೆ. ದೊಡ್ಡ ಆಟಗಾರನಿಗೆ ಬದಲಿ ಯಾರು, ಅವನು ಬಂದರೆ ಜೋಡಿ ಹೇಗೆ ಬದಲಾಗುತ್ತದೆ ಎಂಬುದೂ ಮುನ್ನೋಟದಲ್ಲಿರಲಿ.

2022ರ ಏಪ್ರಿಲ್ 2ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಇವರಿಬ್ಬರೂ ರಾಷ್ಟ್ರೀಯ ಸೆಮಿಫೈನಲ್ ಆಡಿದರು. ಕೆರೊಲಿನಾದ ಅರ್ಮಾಂಡೊ ಬೇಕಾಟ್ 21 ರಿಬೌಂಡ್ ಕಿತ್ತಿದ್ದ. ಕೊನೆಯ ನಿಮಿಷದಲ್ಲಿ ಡ್ಯೂಕ್‌ನ ಮಾರ್ಕ್ ವಿಲಿಯಮ್ಸ್ ಮೇಲೆ ಐದನೇ ಫೌಲ್ ಮಾಡಿ ಹೊರನಡೆದ. ಆಗ ಕೆರೊಲಿನಾ ಮುಂದಿದ್ದದ್ದು ಒಂದೇ ಅಂಕದಿಂದ.

3. ಯಾರ ಕೈಗೆ ಫ್ರೀ ಥ್ರೋ ಬೀಳುತ್ತದೆ, ನೋಡಿ.

ಆ ಫೌಲ್‌ಗೆ ಸಿಕ್ಕ ಎರಡೂ ಫ್ರೀ ಥ್ರೋಗಳಲ್ಲಿ ವಿಲಿಯಮ್ಸ್ ಗುರಿ ತಪ್ಪಿದ. ಮರುಗಳಿಗೆಯಲ್ಲೇ ಕೆರೊಲಿನಾದ ಕ್ಯಾಲೆಬ್ ಲವ್ ಎದುರು ಹೊರಗಿನ ಗೆರೆಯ ಬಳಿ ಕಾವಲಿಗೆ ನಿಂತವನೂ ಅದೇ ವಿಲಿಯಮ್ಸ್. ಅವನ ಚಾಚಿದ ಕೈಯ ಮೇಲಿನಿಂದ ಲವ್ ಮೂರು ಅಂಕ ಗಳಿಸಿದ. ಕೆರೊಲಿನಾ 81–77ರಿಂದ ಗೆದ್ದಿತು. ಡ್ಯೂಕ್ ತರಬೇತುದಾರ ಮೈಕ್ ಶಶೆವ್‌ಸ್ಕಿಯವರ ಕಟ್ಟಕಡೆಯ ಪಂದ್ಯ ಅದೇ ಆಯಿತು. ಫೌಲ್, ಫ್ರೀ ಥ್ರೋ, ಅದಲುಬದಲು, ಮೂರೂ ಒಬ್ಬನ ಸುತ್ತಲೇ ತಿರುಗಿದವು. ವಿಲಿಯಮ್ಸ್ ಕೆಟ್ಟ ಆಟಗಾರನೆಂದು ಹೇಳುತ್ತಿಲ್ಲ. ಚೆಂಡನ್ನು ತಡೆಯುವುದರಲ್ಲಿ ಅವನು ಗಟ್ಟಿಗ. ಆದರೆ ಅವನ ಬಲ ಬುಟ್ಟಿಯ ಕೆಳಗಿತ್ತು. ಪಂದ್ಯ ಅವನನ್ನು ಬೇರೆ ಕಡೆಗೆ ಎಳೆದೊಯ್ದಿತು.

4. ಮೊದಲ ಪಂದ್ಯವನ್ನು ನಂಬಿ ಕೂರಬೇಡಿ.

ಅದೇ 2022ರ ಫೆಬ್ರುವರಿಯಲ್ಲಿ ಡ್ಯೂಕ್ ಚಾಪೆಲ್ ಹಿಲ್‌ಗೇ ಹೋಗಿ 87–67ರಿಂದ ಗೆದ್ದಿತ್ತು. ಒಂದು ತಿಂಗಳ ನಂತರ, ಶಶೆವ್‌ಸ್ಕಿಯವರು ತವರಿನಲ್ಲಿ ಆಡಿಸಿದ ಕೊನೆಯ ಪಂದ್ಯದಲ್ಲಿ, ಕೆರೊಲಿನಾ 94–81ರಿಂದ ತಿರುಗೇಟು ಕೊಟ್ಟಿತು. ಅಂದು ಅದರ ನಾಲ್ವರು ತಲಾ 20ಕ್ಕೆ ಕಡಿಮೆಯಿಲ್ಲದಷ್ಟು ಅಂಕ ಗಳಿಸಿದರು. ಒಬ್ಬ ತಾರೆಯನ್ನು ಕಟ್ಟಿಹಾಕಿದರೆ ಗೆದ್ದೆವು ಎಂಬ ಲೆಕ್ಕ ನಾಲ್ವರು ಒಟ್ಟಿಗೆ ಹೊಡೆಯುವಾಗ ನಡೆಯುವುದಿಲ್ಲ.

5. ತಾರೆ ಇಲ್ಲದ ಪಂದ್ಯವನ್ನೂ ಊಹಿಸಿ.

2019ರ ಫೆಬ್ರುವರಿ 20ರಂದು ಎಲ್ಲರ ಕಣ್ಣೂ ಡ್ಯೂಕ್‌ನ ಝಯಾನ್ ವಿಲಿಯಮ್ಸನ್ ಮೇಲೆ. ಮೊದಲ ನಿಮಿಷ ಕಳೆಯುವ ಮುನ್ನವೇ ಅವನ ಶೂ ಹರಿದು ಮೊಣಕಾಲಿಗೆ ಪೆಟ್ಟಾಯಿತು. ಅವನನ್ನು ತಡೆಯುವುದು ಹೇಗೆಂದು ಬರೆದ ಪುಟಗಳೆಲ್ಲ ಆ ಕ್ಷಣಕ್ಕೇ ಹಳತಾದವು. ಕೆರೊಲಿನಾದ ಲ್ಯೂಕ್ ಮೇ 30 ಅಂಕ, 15 ರಿಬೌಂಡ್ ಗಳಿಸಿದ. ಅವನ ತಂಡ 88–72ರಿಂದ ಗೆದ್ದಿತು. ಎರಡನೇ ಸಾಲಿನ ಹೆಸರಿಗೂ ಒಂದು ಪ್ಯಾರಾ ಮೀಸಲಿಡಿ.

6. ಅಂಗಳವನ್ನು ಮರೆಯಬೇಡಿ.

ಡ್ಯೂಕ್‌ನ ಕ್ಯಾಮರಾನ್ ಒಳಾಂಗಣದಲ್ಲಿ ಹಿಡಿಸುವುದು 9,314 ಮಂದಿ ಮಾತ್ರ. ಆದರೆ ವಿದ್ಯಾರ್ಥಿಗಳು ನಿಲ್ಲುವುದು ಅಂಗಳದ ಅಂಚಿನಲ್ಲೇ. ಪಕ್ಕದ ಗೆರೆಯಿಂದ ಚೆಂಡು ಒಳಗೆಸೆಯುವ ಹೊಸ ಹುಡುಗನ ಕಿವಿಗೆ ಸಹ ಆಟಗಾರನ ಕೂಗೂ ಕೇಳಿಸದು. ಹಾಗಾಗಿ ಅಲ್ಲಿನ ಪಂದ್ಯಕ್ಕೆ ನಾನು ಅನುಭವಿ ಗಾರ್ಡ್‌ಗೇ ಒಂದು ತೂಕ ಹೆಚ್ಚು ಕೊಡುತ್ತೇನೆ.

ಶನಿವಾರ ಸಂಜೆ ಆರಕ್ಕೆ ಅಲ್ಲಿ ಶುರುವಾಗುವ ಚಳಿಗಾಲದ ಪಂದ್ಯ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕೂವರೆಯದು. ಎದ್ದು ನೋಡುವವರು ಮಲಗುವ ಮುನ್ನ ಒಂದು ಚೀಟಿಯಲ್ಲಿ ಬರೆದಿಡಿ: ಕೊನೆಯ ಅರ್ಧ ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿ, ಎದುರು ನಿಲ್ಲುವವನು ಯಾರು?