ಒಡವೆ ತೊಳೆಯುವ ಮೆಷಿನ್ನು: ಮರಳೂರಿನ ದೊಡ್ಡಮ್ಮನ ಕಿವಿಮಾತು

ಪುಟ್ಟಿ, ಅಲ್ಟ್ರಾಸಾನಿಕ್ ಕ್ಲೀನರ್ ತರಿಸಿಕೊಂಡಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು, ಬೀರುವಿನ ಒಡವೆಯೆಲ್ಲ ಆಚೆ ಬರುವ ಕಾಲ. ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ.

ನಿಮಗೆಲ್ಲ ಇದು ಹೊಸ ಸಾಮಾನು. ಗಡಿಯಾರದ ಕೆಲಸದವರಿಗೆ ಹಳೆಯ ನಂಟು. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾದದ್ದು 1978ರಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚುವ ತೀರ್ಮಾನ ಮಾಡಿತು, ಆಮೇಲೆ ಜಾಗ ಇಸ್ರೋ ಪಾಲಾಯಿತು. ಅಲ್ಲಿ ಚಿಮಟ ಹಿಡಿದು ಅಸೆಂಬ್ಲಿಯಲ್ಲಿ ಕೂತಿದ್ದವಳು ನಾನು. ಕೂದಲೆಳೆಯಷ್ಟು ಕಸ ಉಳಿದರೂ ಗಡಿಯಾರ ನಿಲ್ಲುತ್ತದೆ ಅನ್ನುವುದು ಆ ಕೆಲಸದ ಮೊದಲ ಪಾಠ. ಎರಡನೆಯದು ಈ ಯಂತ್ರದ್ದೇ: ಕೊಳೆ ಯಾವುದು, ವಸ್ತುವಿನ ಪಾಲು ಯಾವುದು ಅನ್ನುವುದು ಇದಕ್ಕೆ ತಿಳಿಯದು. ಸಡಿಲವಾಗಿ ಅಂಟಿಕೊಂಡದ್ದನ್ನೆಲ್ಲ ಬಿಡಿಸುತ್ತದೆ, ಅಷ್ಟೇ. ವಿಂಗಡಿಸುವ ಕೆಲಸ ನಿನ್ನದು.

ಮೊದಲು ಯಂತ್ರದ ಗುಣ ತಿಳಿದುಕೋ

• ತೊಟ್ಟಿಯ ತಳಕ್ಕೆ ಹೊರಗಡೆಯಿಂದ ಒಂದು ಬಿಲ್ಲೆ ಅಂಟಿಸಿರುತ್ತಾರೆ. ಕರೆಂಟು ಹರಿದಾಗ ಅದು ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತದೆ. ಮನುಷ್ಯರ ಕಿವಿಯ ಮಿತಿ 20,000. ಆ ನಡುಕಕ್ಕೆ ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ, ಹುಟ್ಟಿದ ಹಾಗೇ ಕುಸಿದು ಒಡೆಯುತ್ತವೆ. ಒಡೆಯುವಾಗಿನ ಪೆಟ್ಟು ಬ್ರಷ್ಷು ಹೋಗದ ಸಂದಿಗೂ ಹೋಗುತ್ತದೆ.

• ಅಗ್ಗಕ್ಕೆ ಸಿಗುವ ಕೆಲವು ಡಬ್ಬಿಗಳು ಸುಮ್ಮನೆ ಅಲುಗಾಡುತ್ತವೆ, ಅಲ್ಟ್ರಾಸಾನಿಕ್ ಅಂತ ಹೆಸರಷ್ಟೇ. ಪರೀಕ್ಷೆ ಸುಲಭ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ಒಂದು ತುಂಡನ್ನು ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಒಂದೆರಡು ನಿಮಿಷ ಓಡಿಸು. ತಳಕ್ಕೆ ತಾಗಿಸಬೇಡ. ತೆಗೆದು ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಕುಳಿ, ಸೂಜಿಮೊನೆಯಂಥ ತೂತು ಕಾಣಬೇಕು. ಫಾಯಿಲ್ ಹಾಗೇ ನುಣ್ಣಗಿದ್ದರೆ ಮೆಷಿನ್ ವಾಪಸ್ ಕಳಿಸು.

• ಆ ಫಾಯಿಲ್ ತುಂಡನ್ನು ಎಸೆಯಬೇಡ, ಮೆಷಿನ್ ಪಕ್ಕದಲ್ಲೇ ಇಟ್ಟಿರು. ಲೋಹವನ್ನೇ ತೂತು ಮಾಡುವ ಪೆಟ್ಟು ಇದು ಅನ್ನುವುದು ಪ್ರತಿ ಸಲ ಕಣ್ಣಿಗೆ ಬೀಳಲಿ.

ಇವನ್ನು ಹಾಕಲೇಬೇಡ

• ಮುತ್ತು, ಹವಳ. ಎರಡೂ ಸುಣ್ಣದ ಜಾತಿಯವು, ಮೆತ್ತಗಿನವು. ಮೇಲಿನ ಹೊಳಪು ಒಮ್ಮೆ ಹೋದರೆ ಯಾವ ಪಾಲಿಶೂ ತಂದುಕೊಡದು. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸಾಕು.

• ಪಚ್ಚೆ. ಪಚ್ಚೆಯಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲೆಂದು ಹೆಚ್ಚಿನವಕ್ಕೆ ಎಣ್ಣೆ ಕುಡಿಸಿರುತ್ತಾರೆ. ಮೆಷಿನ್ನು ಆ ಎಣ್ಣೆಯನ್ನೂ ಕೊಳೆಯೆಂದೇ ತೆಗೆಯುತ್ತದೆ, ಬಿರುಕೆಲ್ಲ ಬಯಲಾಗುತ್ತದೆ. ಗಾಜು ತುಂಬಿಸಿದ ಮಾಣಿಕ್ಯಕ್ಕೂ ಇದೇ ಮಾತು. ಓಪಲ್, ಟರ್ಕಾಯ್ಸ್ ಕಲ್ಲುಗಳನ್ನೂ ದೂರವಿಡು.

• ಗುಬ್ಬಿಯ ನಿಮ್ಮತ್ತೆಯವರು ಕೊಟ್ಟ ಹಳೆಯ ಕೆಂಪಿನೋಲೆ. ಅದನ್ನು ತಿರುಗಿಸಿ ಹಿಂಬದಿ ನೋಡು. ಹರಳಿನ ಬೆನ್ನು ಕಾಣದ ಹಾಗೆ ಚಿನ್ನದ ತಗಡು ಮುಚ್ಚಿದ್ದರೆ ಅದು ಮುಚ್ಚಿದ ಕಟ್ಟು. ಅಂಥವುಗಳಲ್ಲಿ ಹರಳಿನ ಹಿಂದೆ ಹೊಳಪಿಗೆಂದು ತೆಳುವಾದ ಬೇಗಡೆ, ಕೂರಿಸಲಿಕ್ಕೆ ಅರಗು ಇರುವುದುಂಟು. ನೀರು ಒಳಗಿಳಿದರೆ ಬೇಗಡೆ ಕಪ್ಪಾಗಿ, ನಿಗಿನಿಗಿ ಅನ್ನುತ್ತಿದ್ದ ಕೆಂಪು ಮಂಕಾಗುತ್ತದೆ. ಹಿಂಬದಿ ತೆರೆದು ಬೆಳಕು ಹಾಯುವ ಓಲೆಯಾದರೆ ಅಷ್ಟು ಭಯವಿಲ್ಲ.

• ಅರಗು ತುಂಬಿದ ಗುಂಡು. ಗುಂಡಿನ ಸರ, ಹಳೆಯ ಬಳೆ, ಅಡ್ಡಿಕೆ ಇವುಗಳಲ್ಲಿ ಮೇಲೆ ತೆಳ್ಳನೆ ಚಿನ್ನ, ಒಳಗೆ ಅರಗು ಇರಬಹುದು. ದಾರ ಹಾಯುವ ತೂತಿನ ಬಾಯಿಯನ್ನು ಟಾರ್ಚು ಹಿಡಿದು ನೋಡು. ಕಂದು ಬಣ್ಣದ ಅಂಟಿನಂಥದ್ದು ಕಂಡರೆ ಅರಗೇ. ಬಿಸಿ ನೀರಿಗೆ ಅರಗು ಮೆತ್ತಗಾಗುತ್ತದೆ, ನಡುಕಕ್ಕೆ ಬಿರಿಯುತ್ತದೆ. ಒಳಗಿನ ಆಸರೆ ಹೋದ ಗುಂಡು ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ.

• ದಾರದಲ್ಲಿ ಪೋಣಿಸಿದ ಕರಿಮಣಿ, ರುದ್ರಾಕ್ಷಿ, ತುಳಸಿಮಣಿ, ಮೀನಾ ಬಣ್ಣದ ಕೆಲಸ, ಗಮ್ಮಿನಲ್ಲಿ ಅಂಟಿಸಿದ ಹರಳು. ಒಂದೂ ಬೇಡ.

• ಒಂದು ಗ್ರಾಂ ಗೋಲ್ಡು. ಅದರ ಚಿನ್ನ ಮೇಲಿನ ಪದರ ಮಾತ್ರ. ಎಲ್ಲಾದರೂ ಒಂದು ಕಡೆ ಎದ್ದಿದ್ದರೆ ಮೆಷಿನ್ನು ಮಿಕ್ಕದ್ದನ್ನೂ ಎಬ್ಬಿಸುತ್ತದೆ.

• ಇಷ್ಟಲಿಂಗ. ಲಿಂಗದ ಮೇಲಿನ ಕಂತಿ ಕೊಳೆಯಲ್ಲ ಅಂತ ನಿನಗೆ ಹೇಳಬೇಕಾಗಿಲ್ಲ, ಆದರೆ ಮಕ್ಕಳಿಗೆ ಹೇಳಿಡು. ಬೆಳ್ಳಿಯ ಕರಡಿಗೆಯನ್ನು ತೊಳೆಯುವುದಾದರೆ ಲಿಂಗವನ್ನು ತೆಗೆದು ಮಡಿಯಲ್ಲಿಟ್ಟು, ಶಿವದಾರ ಬಿಚ್ಚಿ, ಬರೀ ಕರಡಿಗೆಯನ್ನು ಹಾಕು.

ಇವನ್ನು ಧೈರ್ಯವಾಗಿ ಹಾಕು

• ಹರಳಿಲ್ಲದ ಚಿನ್ನದ ಚೈನು, ಉಂಗುರ, ಗಟ್ಟಿ ಬಳೆ. ಈ ಮೆಷಿನ್ನಿಗೆ ಹೇಳಿ ಮಾಡಿಸಿದ ಕೆಲಸವೆಂದರೆ ಹೆಣಿಗೆಯ ಚೈನು. ಬೆವರು, ಪೌಡರು, ಕೊಬ್ಬರಿ ಎಣ್ಣೆ ಸೇರಿ ಕೊಂಡಿಯ ಒಳಗೆ ಗಟ್ಟಿಯಾಗಿ ಕೂತದ್ದು ಹೊಗೆಯ ಹಾಗೆ ಎದ್ದು ಬರುವುದನ್ನು ನೀನೇ ನೋಡುತ್ತೀಯ.

• ತಾಳಿಯ ಬಿಲ್ಲೆ. ಅರಿಸಿನ ಕುಂಕುಮ ವರ್ಷಗಟ್ಟಲೆ ಕೂತು ಗೆರೆಗಳೇ ಮುಚ್ಚಿರುತ್ತವೆ. ಹವಳ, ದಾರ ಇಲ್ಲದಿದ್ದರೆ ಹಾಕಬಹುದು. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಬೇಡ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿಗೆ ಅಂಟುವಾಳದ ನೊರೆ ಹಚ್ಚಿ ಕೊರಳಲ್ಲಿದ್ದ ಹಾಗೇ ಉಜ್ಜಿಕೊಳ್ಳಬಹುದು. ನಿಮ್ಮಜ್ಜಿ ಮಾಡುತ್ತಿದ್ದದ್ದೂ ಅದೇ.

• ವಜ್ರದ ಮೂಗುಬೊಟ್ಟು, ಓಲೆ. ವಜ್ರಕ್ಕೆ ಎಣ್ಣೆ ಜಿಡ್ಡೆಂದರೆ ಇಷ್ಟ, ಬೇಗ ಮಂಕಾಗುತ್ತದೆ, ಅಷ್ಟೇ ಬೇಗ ಮತ್ತೆ ಹೊಳೆಯುತ್ತದೆ. ಹಾಕುವ ಮೊದಲು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟು. ಟಿಕ್ ಟಿಕ್ ಅಂದರೆ ಹರಳು ಸಡಿಲ, ಆಚಾರ್ರ ಹತ್ತಿರ ಬಿಗಿಮಾಡಿಸಿ ಆಮೇಲೆ ತೊಳೆ. ಎಷ್ಟೋ ಸಲ ಸಡಿಲ ಹರಳನ್ನು ಹಿಡಿದಿಟ್ಟಿರುವುದೇ ಜಿಡ್ಡು. ಜಿಡ್ಡು ಹೋದ ಕೂಡಲೇ ಹರಳು ಉದುರುತ್ತದೆ, ಮೆಷಿನ್ನೇ ಕಿತ್ತಿತು ಅಂತ ನಾವು ಬೈಯುತ್ತೇವೆ.

ತೊಳೆಯುವ ಕ್ರಮ

• ಮೊದಲು ಒಡವೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆ. ತಿರುಪುಗಳನ್ನು ಬೇರೆ ಬಟ್ಟಲಲ್ಲಿ ಎಣಿಸಿಡು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು 6 ಅಕ್ಷರ-ಅಂಕೆಗಳ ಎಚ್‌ಯುಐಡಿ ಇಲ್ಲದೆ ಅಂಗಡಿಯವರು ಮಾರುವಂತಿಲ್ಲ. ನಿನ್ನ ಹೊಸ ಒಡವೆಗಳ ಆ ನಂಬರನ್ನು ಭೂತಗನ್ನಡಿ ಹಿಡಿದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಕೊಳೆ ಕೂತು ನಂಬರು ಓದಲಾಗದಿದ್ದರೆ ತೊಳೆದ ಮೇಲೆ ಓದು.

• ನೀರು ತುಂಬಿಸುವಾಗ, ಚೆಲ್ಲುವಾಗ ಪ್ಲಗ್ ಕಿತ್ತಿರಬೇಕು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ. ಗೆರೆಯವರೆಗೆ ನೀರಿಲ್ಲದೆ ಯಾವತ್ತೂ ಓಡಿಸಬೇಡ, ಬರಿದಾಗಿ ಓಡಿದರೆ ತಳದ ಬಿಲ್ಲೆ ಕಾದು ಸುಟ್ಟುಹೋಗುತ್ತದೆ.

• ಮರಳೂರಿನ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಫಿಲ್ಟರ್ ನೀರು ಹಾಕು. ಅದು ಸಾಲದಿದ್ದರೆ ನಲ್ಲಿಗೆ ಬರುವ ಹೇಮಾವತಿ ನೀರಿನಲ್ಲಿ ತೊಳೆದು, ಕೊನೆಯ ಜಾಲಾಟಕ್ಕೆ ಮಾತ್ರ ಫಿಲ್ಟರ್ ನೀರು ಇಟ್ಟುಕೋ.

• ಸ್ನಾನದ ನೀರಿನಷ್ಟು ಬಿಸಿ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ. ನೊರೆ ಜಾಸ್ತಿಯಾದರೆ ಪೆಟ್ಟು ಕಮ್ಮಿಯಾಗುತ್ತದೆ. ಬ್ಲೀಚು ಬೇಡ, ಕ್ಲೋರಿನ್ ಚಿನ್ನದಲ್ಲಿ ಬೆರೆತ ಲೋಹಗಳನ್ನು ಕೆಡಿಸುತ್ತದೆ. ಪೆಟ್ರೋಲು, ಥಿನ್ನರು, ಸ್ಪಿರಿಟ್ಟು ತೊಟ್ಟಿಯ ಹತ್ತಿರವೂ ಬರಬಾರದು, ಅದರ ಆವಿಗೆ ಒಂದು ಕಿಡಿ ಸಾಕು.

• ಒಡವೆ ಹಾಕುವ ಮೊದಲು ಬರೀ ನೀರನ್ನು ಐದು ನಿಮಿಷ ಓಡಿಸು. ನೀರಿನಲ್ಲಿ ಕರಗಿರುವ ಗಾಳಿ ಹೊರಟುಹೋದರೆ ಪೆಟ್ಟು ಚೆನ್ನಾಗಿ ಬೀಳುತ್ತದೆ.

• ಒಡವೆಯನ್ನು ಬುಟ್ಟಿಯಲ್ಲೇ ಇಡು, ತಳಕ್ಕೆ ತಾಗಿಸಬೇಡ. ಒಂದರ ಮೇಲೊಂದು ಪೇರಿಸಬೇಡ. ವಜ್ರದ ಒಡವೆ ಒಂದು ಸಲಕ್ಕೆ ಒಂದೇ, ಯಾಕೆಂದರೆ ವಜ್ರವನ್ನು ಗೀರುವುದು ಇನ್ನೊಂದು ವಜ್ರ.

• ಮೂರು ನಿಮಿಷ ಓಡಿಸು, ತೆಗೆದು ನೋಡು, ಬೇಕಾದರೆ ಇನ್ನೊಂದು ಸಲ. ಟೈಮರ್‌ನಲ್ಲಿ ಎಂಟು ನಿಮಿಷ ಇದೆಯೆಂದು ಎಂಟೂ ನಿಮಿಷ ಓಡಿಸಬೇಕೆಂದಿಲ್ಲ. ಓಡುವಾಗ ಬೆರಳು ಅದ್ದಬೇಡ, ಮುಚ್ಚಳ ಹಾಕಿರಲಿ.

• ನೀರನ್ನು ನೇರವಾಗಿ ಸಿಂಕಿಗೆ ಸುರಿಯಬೇಡ. ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆ ಬಿಡಿಸಿ ನೋಡಿ, ಆಮೇಲೆ ಚೆಲ್ಲು. ಆಚಾರ್ರ ಅಂಗಡಿಯ ಧೂಳನ್ನೂ ಗುಡಿಸಿ ತೊಳೆದು ಚಿನ್ನ ತೆಗೆಯುವವರಿದ್ದಾರೆ. ನಿನ್ನ ಬಟ್ಟೆಯಲ್ಲಿ ಒಂದು ಹರಳು ಸಿಕ್ಕರೂ ಸೋಸಿದ ಶ್ರಮ ದಂಡವಲ್ಲ.

ಬೆಳ್ಳಿಯ ಮಾತು ಬೇರೆ

• ಕಾಲ್ಗೆಜ್ಜೆ, ಕಾಲುಂಗುರದ ಸಂದಿಯ ಮಣ್ಣು ಮೆಷಿನ್ನಿನಲ್ಲಿ ಹೋಗುತ್ತದೆ. ಕಪ್ಪು ಹೋಗುವುದಿಲ್ಲ. ಗಾಳಿಯಲ್ಲಿನ ಗಂಧಕದ ಅಂಶದ ಜೊತೆ ಬೆಳ್ಳಿ ಸೇರಿ ಆದ ಪದರ ಆ ಕಪ್ಪು. ಅದು ಅಂಟಿಕೊಂಡ ಕೊಳೆಯಲ್ಲ, ಬೆಳ್ಳಿಯೇ ರೂಪ ಬದಲಿಸಿದ್ದು. ಎಷ್ಟು ಹೊತ್ತು ಓಡಿಸಿದರೂ ಪ್ರಯೋಜನವಿಲ್ಲ.

• ಅದಕ್ಕೆ ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆಯನ್ನು ಫಾಯಿಲ್‌ಗೆ ತಾಗುವಂತಿಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ ಕುದಿಯುವ ನೀರು ಹೊಯ್ಯಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕ ಬಿಡುತ್ತಿದೆ ಅಂತ ಲೆಕ್ಕ. ಇದರಲ್ಲಿ ಬೆಳ್ಳಿ ಸವೆಯುವುದಿಲ್ಲ. ಕುಸುರಿ ಕೆಲಸಕ್ಕೆ ಬೇಕೆಂದೇ ಕಪ್ಪು ಕೊಟ್ಟ ಬೆಳ್ಳಿಗೆ ಮಾತ್ರ ಈ ಉಪಾಯ ಬೇಡ, ಅಂದವೇ ಅಳಿಸಿಹೋಗುತ್ತದೆ.

• ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣೇ ಸರಿ. ಎಲ್ಲಕ್ಕೂ ಮೆಷಿನ್ನು ಬೇಕಿಲ್ಲ.

ಸಣ್ಣಪುಟ್ಟ ಬಿಡಿಭಾಗಗಳು

• ಕೈಗಡಿಯಾರವನ್ನು ಇಡಿಯಾಗಿ ಹಾಕಬೇಡ, ವಾಟರ್‌ಪ್ರೂಫ್ ಅಂತ ಬರೆದಿದ್ದರೂ. ಒಳಗಿನ ರಬ್ಬರು ಹಳೆಯದಾದರೆ ನೀರು ನುಗ್ಗುತ್ತದೆ. ಸ್ಟೀಲ್ ಪಟ್ಟಿಯನ್ನು ಮಾತ್ರ ಬಿಚ್ಚಿ ಹಾಕು. ನಿಮ್ಮಪ್ಪನ ಎಚ್‌ಎಂಟಿ ವಾಚನ್ನು ಕೆಲಸ ಬಲ್ಲ ರಿಪೇರಿಯವರ ಕೈಗೆ ಕೊಡು. ಅವರು ಪೂರ್ತಿ ಬಿಚ್ಚಿ, ತೊಳೆದು, ಎಲ್ಲೆಲ್ಲಿ ಬೇಕೋ ಅಲ್ಲಿ ಎಣ್ಣೆ ಹನಿಸಿ ಕೂಡಿಸುತ್ತಾರೆ.

• ಕನ್ನಡಕ ಒಂದು ನಿಮಿಷ, ತಣ್ಣೀರು. ಮೂಗಿನ ಬಟನ್ನಿನ ಹಸಿರು ಜಿಡ್ಡು ಬಿಟ್ಟುಬರುತ್ತದೆ. ಗಾಜಿನ ಮೇಲಿನ ಕೋಟಿಂಗ್ ಒಂದು ಮೂಲೆಯಲ್ಲಿ ಬಿರಿದಿದ್ದರೂ ಹಾಕಬೇಡ.

• ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸು, ಕುಕ್ಕರಿನ ವೆಯ್ಟು ಹಾಕಬಹುದು. ಬಾಬಿನ್ ಕೇಸು ಕಬ್ಬಿಣದ್ದು, ಕೂಡಲೇ ಒರೆಸಿ ಒಣಗಿಸಿ ಒಂದು ಹನಿ ಎಣ್ಣೆ ಬಿಡದಿದ್ದರೆ ಬೆಳಗಾಗುವುದರೊಳಗೆ ತುಕ್ಕು.

• ಹಲ್ಲುಸೆಟ್ಟು ತೊಳೆಯುವುದಿದ್ದರೆ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಅದರೊಳಗಿಟ್ಟು, ಲೋಟವನ್ನೇ ತೊಟ್ಟಿಯ ನೀರಿನಲ್ಲಿ ನಿಲ್ಲಿಸು. ಗಾಜನ್ನು ದಾಟಿ ಪೆಟ್ಟು ಒಳಗೂ ಹೋಗುತ್ತದೆ, ಎರಡು ನೀರು ಬೆರೆಯುವುದಿಲ್ಲ. ಒಂದೇ ಒಂದು ಉಂಗುರ ತೊಳೆಯುವಾಗಲೂ ಇದೇ ಉಪಾಯ, ಹರಳು ಬಿದ್ದರೆ ಲೋಟದಲ್ಲೇ ಇರುತ್ತದೆ.

• ನಿಮ್ಮ ಯಜಮಾನರು ಗಾಡಿಯ ಕಾರ್ಬುರೇಟರ್ ಜೆಟ್ಟು, ತೋಟದ ಔಷಧಿ ಪಂಪಿನ ನಾಝಲ್ಲು ಹಿಡಿದು ಬಂದೇ ಬರುತ್ತಾರೆ. ಜೆಟ್ಟಿನ ಪೆಟ್ರೋಲು ಪೂರ್ತಿ ಆರಿದ ಮೇಲೆ, ಲೋಟದೊಳಗೆ, ಸೋಪಿನ ನೀರಿನಲ್ಲಿ ಆಗಬಹುದು. ನಾಝಲ್ಲು ಮಾತ್ರ ಬೇಡವೇ ಬೇಡ. ತೆಂಗು ಅಡಿಕೆಗೆ ಹೊಡೆದ ಔಷಧಿ ತೊಳೆದ ತೊಟ್ಟಿಯಲ್ಲಿ ಕಿವಿ ಮೂಗಿಗೆ ಹಾಕುವ ಒಡವೆ ತೊಳೆಯುವುದುಂಟೇ?

ಇನ್ನು ಬಾಗಿಲ ಮುಂದಿನ ಮಾತು

• ಮಧ್ಯಾಹ್ನ ಹೆಂಗಸರೇ ಇರುವ ಹೊತ್ತು ನೋಡಿ, ಚಿನ್ನಕ್ಕೆ ಪಾಲಿಶ್ ಮಾಡಿಕೊಡ್ತೀವಿ ಅಂತ ಬರುವವರಿದ್ದಾರೆ. ಮೊದಲು ಹಿತ್ತಾಳೆ ಚೊಂಬು ಹೊಳೆಯಿಸಿ ನಂಬಿಸುತ್ತಾರೆ, ಆಮೇಲೆ ಸರ ಕೇಳುತ್ತಾರೆ. ಅವರ ಬಟ್ಟಲಲ್ಲಿರುವುದು ನೈಟ್ರಿಕ್, ಹೈಡ್ರೋಕ್ಲೋರಿಕ್ ಎರಡೂ ಬೆರೆತ ಆ್ಯಸಿಡ್ ಆಗಿದ್ದರೆ ಅದಕ್ಕೆ ಚಿನ್ನವೇ ಕರಗುತ್ತದೆ. ಸರ ಫಳಫಳ ಅನ್ನುತ್ತಾ ವಾಪಸ್ ಬರುತ್ತದೆ, ತೂಕ ಮಾತ್ರ ಬರುವುದಿಲ್ಲ. ಬಾಗಿಲು ತೆಗೆಯಬೇಡ. ಪಟ್ಟು ಹಿಡಿದು ನಿಂತರೆ 112ಕ್ಕೆ ಫೋನ್ ಮಾಡು.

• ಅಂಗಡಿಗೆ ಕೊಟ್ಟು ಪಾಲಿಶ್ ಮಾಡಿಸಿದರೂ ಕೊಡುವಾಗ, ತರುವಾಗ ಎರಡು ಸಲ ನಿನ್ನೆದುರಿಗೇ ತೂಗಿಸು. ಗುರುತಿನವರೆಂದು ನಾಚಿಕೊಳ್ಳಬೇಡ, ಒಳ್ಳೆ ವ್ಯಾಪಾರಿ ತಾನೇ ತೂಗಿ ತೋರಿಸುತ್ತಾನೆ.

• ಅಕ್ಕಪಕ್ಕದವರು ತಮ್ಮ ಒಡವೆಯನ್ನೂ ಒಂದು ಸಲ ಹಾಕಿಕೊಡು ಅನ್ನುತ್ತಾರೆ. ಮೆಷಿನ್ ಬೇಕಾದರೆ ಕೊಡು, ಅವರ ಒಡವೆಯನ್ನು ನೀನು ತೊಳೆಯಬೇಡ. ಯಾವುದರೊಳಗೆ ಅರಗಿದೆ, ಯಾವ ಹರಳು ಸಡಿಲ ಅನ್ನುವುದು ಮನೆಯವರಿಗೇ ಗೊತ್ತಿರಬೇಕಾದ ಸಂಗತಿ. ಜೊತೆಗೆ ಈ ಕಾಗದದ ಒಂದು ನಕಲನ್ನೂ ಕೊಟ್ಟು ಕಳಿಸು.